ಬೇಲಿ ಕಚ್ಚಿದ ಮೇಲೆ ಪೈಪ್ ಕಟ್ಟಿದ ಕಥೆ

"ಏನಪ್ಪಾ, ನಿಮ್ ಬೇಲಿ ಕಚ್ತೈತೆ ಕಣೋ" ಅಂತ ಪಕ್ಕದ ತೋಟದ ಅಜ್ಜಿ ಕೂಗಿದಾಗ ನಾನು ಜಗಲಿ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದೆ. ನಾಯಿ ಕಚ್ಚೋದು ಗೊತ್ತು, ಚೇಳು ಕಚ್ಚೋದು ಗೊತ್ತು, ಬೇಲಿ ಕಚ್ಚೋದು ಅಂದರೆ ಏನು ಅಂತ ಒಂದು ಕ್ಷಣ ಅರ್ಥವೇ ಆಗಲಿಲ್ಲ. ರಾತ್ರಿಯಿಡೀ ಜಿಟಿಜಿಟಿ ಮಳೆ ಸುರಿದಿತ್ತು. ಅಜ್ಜಿ ಎಂದಿನಂತೆ ಒಗೆದ ಸೀರೆ ತಂದು ನಮ್ಮ ಜಾಲರಿ ಬೇಲಿ ಮೇಲೆ ಹರವಲು ಹೋಗಿದ್ದಾರೆ, ಬೆರಳು ತಾಗಿದ್ದೇ ತಡ ಜುಮ್ ಅಂದಿದೆ. "ಮೊದಲು ಇರುವೆ ಅನ್ಕಂಡೆ. ಇನ್ನೊಂದ್ ಸಲ ಮುಟ್ದೆ. ಆಗಲೂ ಜುಮ್ ಅಂತು." ಎರಡನೇ ಸಲ ಮುಟ್ಟಿ ನೋಡಿದ್ದಾರೆ ಅನ್ನೋದು ಕೇಳಿ ನನಗೆ ಕೈಕಾಲು ತಣ್ಣಗಾಯಿತು.

ಓಡಿ ಹೋಗಿ ಮೇನ್ ಸ್ವಿಚ್ ಇಳಿಸಿದೆ. ಆಮೇಲೆ ಬೇರೆಲ್ಲ. ನಿಮಗೂ ಯಾವತ್ತಾದರೂ ಹೀಗಾದರೆ ಇದೇ ಕ್ರಮ: ಮೊದಲು ಮೇನ್ ಆಫ್, ಜನ ಮತ್ತು ದನ ದೂರ, ಹುಡುಕಾಟ ಆಮೇಲೆ. ಟೆಸ್ಟರ್ ಹಿಡಿದು ನೋಡ್ತೀನಿ ಅಂತ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಹೋಗಿ ನಿಲ್ಲಬೇಡಿ.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ನಮ್ಮದು ತಿಪಟೂರು ಕಡೆ ಸಣ್ಣ ತೆಂಗಿನ ತೋಟ, ಒಳಗೊಂದು ಮನೆ. ಮನೆಯಿಂದ ಗೇಟಿಗೆ ಸುಮಾರು 40 ಮೀಟರ್. ಗೇಟಿನ ಹತ್ತಿರ ಎರಡು ಲೈಟು, ಒಂದು ಕ್ಯಾಮೆರಾ, ಪಕ್ಕದ ನೀರಿನ ಸಂಪ್‌ಗೆ ಅರ್ಧ ಎಚ್‌ಪಿ ಮೋಟರ್ ಬೇಕಿತ್ತು. ಬೇಲಿ ಅಂದರೆ ಕಲ್ಲು ಕಂಬ, ಅದಕ್ಕೆ ಕಬ್ಬಿಣದ ಜಾಲರಿ, ಮೇಲೆರಡು ಸಾಲು ಮುಳ್ಳುತಂತಿ. ನಮ್ಮ ಕಡೆ ಅರ್ಧ ಜಿಲ್ಲೆ ಹೀಗೇ ಇದೆ. ಗೇಟಿನವರೆಗೆ ವೈರನ್ನು ನೆಲದಲ್ಲಿ ಹೂಳೋಣ ಅಂತ ಗುದ್ದಲಿ ಹಾಕಿಸಿದರೆ ಅರ್ಧ ಅಡಿಗೆ ಬಂಡೆ, ಕಿಡಿ ಹಾರುತ್ತಿತ್ತು. "ಬೇಲಿ ಇದೆಯಲ್ಲ ಸಾರ್, ಅದಕ್ಕೇ ಕಟ್ಟಿಬಿಡೋಣ" ಅಂದರು ವೈರಿಂಗ್ ಮಾಡಲು ಬಂದವರು. ನನಗೂ ಸರಿ ಅನಿಸಿತು. ಅರ್ಧ ದಿನದಲ್ಲಿ ಬಿಳಿ ಪಿವಿಸಿ ಪೈಪನ್ನು ಬೈಂಡಿಂಗ್ ವೈರಿನಲ್ಲಿ ಜಾಲರಿಗೇ ಬಿಗಿದು, ಒಳಗೆ ವೈರ್ ತೂರಿಸಿ, ಗೇಟಿನ ಲೈಟ್ ಹತ್ತಿಸಿ, ದುಡ್ಡು ತಗೊಂಡು ಹೋದರು. ನೋಡಲು ಚೆನ್ನಾಗಿಯೇ ಇತ್ತು. ತಪ್ಪು ಅವರೊಬ್ಬರದ್ದೇ ಅಂತ ಹೇಳಲಾರೆ, ಪಕ್ಕದಲ್ಲೇ ನಿಂತು ತಲೆ ಆಡಿಸಿದವನು ನಾನೇ.

ಎರಡು ಬೇಸಿಗೆ ಕಳೆದವು ಅಷ್ಟೇ.

ಮೇನ್ ಇಳಿಸಿ ಬೇಲಿಯುದ್ದಕ್ಕೂ ನಡೆದಾಗ ಸಿಕ್ಕಿದ್ದು ಇದು. ಗೇಟಿನಿಂದ ಮೂರನೇ ಕಂಬದ ಹತ್ತಿರ ಪೈಪ್ ಕಾಲರಿನಿಂದ (ಎರಡು ಪೈಪ್ ಸೇರಿಸುವ ತುಂಡು) ಬಿಟ್ಟುಕೊಂಡು ಎರಡು ಬೆರಳಷ್ಟು ಹಿಂದೆ ಸರಿದಿತ್ತು. ಆ ಸಂದಿಯಲ್ಲಿ ಕೆಂಪು ವೈರು ಜೋತುಬಿದ್ದು, ಜಾಲರಿಯ ಕತ್ತರಿಸಿದ ತುದಿ ಒಂದರ ಮೇಲೆ ಕೂತಿತ್ತು. ಗಾಳಿಗೆ ಜಾಲರಿ ಅಲ್ಲಾಡಿದಾಗಲೆಲ್ಲ ಗರಗಸದ ಹಾಗೆ ಉಜ್ಜಿ ಉಜ್ಜಿ, ವೈರಿನ ಮೇಲಿನ ಪ್ಲಾಸ್ಟಿಕ್ ಸವೆದು ತಾಮ್ರ ಹೊಳೆಯುತ್ತಿತ್ತು. ಸಾಸಿವೆ ಕಾಳಿಗಿಂತ ದೊಡ್ಡದಿಲ್ಲ ಆ ಹೊಳಪು. ಒಣಗಿದ್ದಾಗ ಅದು ಜಾಲರಿಗೆ ಸರಿಯಾಗಿ ತಾಗುತ್ತಿರಲಿಲ್ಲವೇನೋ, ಮಳೆ ನೀರು ನಡುವಿನ ಕೆಲಸ ಪೂರೈಸಿತ್ತು.

ಮನೆಯಲ್ಲಿ ಎಂಸಿಬಿ, ಅಂದರೆ ತಾನೇ ಬಿದ್ದು ಕರೆಂಟ್ ಕಟ್ ಮಾಡುವ ಸ್ವಿಚ್ ಇತ್ತಲ್ಲ, ಯಾಕೆ ಬೀಳಲಿಲ್ಲ? ಬಹಳ ಜನರಿಗೆ ಈ ಪ್ರಶ್ನೆ ಇದೆ, ನನಗೂ ಇತ್ತು. ಎಂಸಿಬಿ ನೋಡುವುದು ವೈರಿಗೆ ಜಾಸ್ತಿ ಕರೆಂಟ್ ಹರಿಯುತ್ತಿದೆಯಾ ಅಂತ ಮಾತ್ರ. 16 ಆಂಪಿಯರ್ ಎಂಸಿಬಿ 16 ದಾಟಿ ಸಾಕಷ್ಟು ಜಾಸ್ತಿಯಾದರೆ ಬೀಳುತ್ತದೆ. ಮನುಷ್ಯನ ಮೈಯಲ್ಲಿ ಅದರ ನೂರರಲ್ಲಿ ಒಂದು ಪಾಲು ಹರಿದರೂ ಜೀವಕ್ಕೆ ಅಪಾಯ, ಅದು ಎಂಸಿಬಿಗೆ ಲೆಕ್ಕಕ್ಕೇ ಇಲ್ಲ. ಇನ್ನೊಂದು ವಿಷಯ ನಮ್ಮ ಕಡೆಯ ಬೇಲಿಗಳದ್ದೇ ವಿಶೇಷ. ಕಬ್ಬಿಣದ ಕಂಬವಾದರೆ ಅಲ್ಪಸ್ವಲ್ಪವಾದರೂ ಕರೆಂಟ್ ಭೂಮಿಗೆ ಇಳಿಯುತ್ತದೆ. ಕಲ್ಲು ಕಂಬ ಹಾಗಲ್ಲ, ಅದು ಹೆಚ್ಚುಕಡಿಮೆ ಇನ್ಸುಲೇಟರ್. ಹಾಗಾಗಿ ಒಂದು ಕಡೆ ತಾಗಿದ ಕರೆಂಟ್ ಎಲ್ಲೂ ಇಳಿಯದೆ ಇಡೀ ಬೇಲಿಯ ತುಂಬಾ ಸುಮ್ನೆ ಕಾದು ಕೂತಿರುತ್ತದೆ, ಯಾರಾದರೂ ನೆಲದ ಮೇಲೆ ನಿಂತು ಮುಟ್ಟುವವರೆಗೆ. ನಮ್ಮ ಜಾಲರಿ ನಾಲ್ಕೂ ಕಡೆ ಒಂದಕ್ಕೊಂದು ಹೆಣೆದುಕೊಂಡಿದೆ. ಗೇಟಿನ ಹತ್ತಿರದ ಸಾಸಿವೆ ಕಾಳು ಅಜ್ಜಿಯ ಮನೆ ಹಿಂದುಗಡೆ ಕಚ್ಚಿತ್ತು. ಬೇಲಿಯೇ ಎದ್ದು ಹೊಲ ಮೇಯೋದು ಅಂತಾರಲ್ಲ, ಇದು ಅದಕ್ಕಿಂತ ಒಂದು ಕೈ ಮೇಲೆ.

ಅಜ್ಜಿಯ ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು. ಅದೊಂದು ಇಲ್ಲದಿದ್ದರೆ ಏನಾಗುತ್ತಿತ್ತೋ ಯೋಚಿಸಲು ಇವತ್ತಿಗೂ ಇಷ್ಟವಿಲ್ಲ.

ಸರಿ, ಆಮೇಲೆ ನಾನು ಎಲ್ಲ ಬಿಚ್ಚಿ ಹಾಕಿದೆ. ಬಿಚ್ಚುವಾಗಲೇ ಪಾಠ ಶುರುವಾಯಿತು. ಬಿಳಿ ಪೈಪ್ ಎರಡು ವರ್ಷದ ಬಿಸಿಲಿಗೆ ಹಳದಿ ತಿರುಗಿ, ಕೈಯಲ್ಲಿ ಮುರಿದರೆ ಹಪ್ಪಳದ ಹಾಗೆ ಚಟಕ್ ಅನ್ನುತ್ತಿತ್ತು. ಗೋಡೆಯೊಳಗೆ, ಸ್ಲ್ಯಾಬಿನೊಳಗೆ ಹಾಕಲು ಅಂತ ಬರುವ ಪೈಪ್ ಅದು. ಬಿಸಿಲು ಅದರ ಶತ್ರು. ಬೈಂಡಿಂಗ್ ವೈರ್ ಬಿಗಿದ ಕಡೆಯೆಲ್ಲ ಪೈಪಿಗೆ ಸೊಂಟ ಬಂದಿತ್ತು. ಬಿಸಿಲಲ್ಲಿ ಮೆತ್ತಗಾದಾಗ ತಂತಿ ಒಳಗಿಳಿದಿದೆ. ನಡುವೆ ಎಲ್ಲೋ ತಂತಿ ಸಾಲದೆ ಬಿಳಿ ನೈಲಾನ್ ಟ್ಯಾಗ್ ಹಾಕಿದ್ದರು, ಅವು ಒಂದೂ ಉಳಿದಿರಲಿಲ್ಲ, ಕಂಬದ ಬುಡದಲ್ಲಿ ಉದುರಿದ್ದವು. ಟ್ಯಾಗ್ ಹಾಕಲೇಬೇಕು ಅಂದರೆ ಕಪ್ಪು ಬಣ್ಣದ್ದು, ಬಿಸಿಲು ತಡೆಯುತ್ತದೆ ಅಂತ ಪ್ಯಾಕೆಟ್ ಮೇಲೆ ಬರೆದಿರುವಂಥದ್ದು ತಗೊಳ್ಳಿ. ಅದೂ ಹಗುರವಾದ ಕೆಲಸಕ್ಕೆ, ಆಧಾರಕ್ಕಲ್ಲ.

ಆದರೆ ಪೈಪ್ ಕಾಲರಿನಿಂದ ಕಳಚಿಕೊಂಡಿದ್ದು ಯಾಕೆ ಅನ್ನೋದು ನನಗೆ ತಲೆಗೆ ಹತ್ತಲು ಹೊತ್ತು ಹಿಡಿಯಿತು. ಅಂಟು ಹಾಕಿದ್ದರು, ಹಸು ಗುದ್ದಿದ ಗುರುತಿಲ್ಲ. ಉತ್ತರ ಬಿಸಿಲೇ. ಪಿವಿಸಿ ಬಿಸಿಗೆ ಉದ್ದವಾಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ, ಕಬ್ಬಿಣಕ್ಕಿಂತ ನಾಲ್ಕೈದು ಪಟ್ಟು ಜಾಸ್ತಿ. ಒಂದು ಮೀಟರ್ ಪೈಪ್ ಒಂದು ಡಿಗ್ರಿಗೆ 0.06 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಕೇಳಲು ಏನೂ ಅಲ್ಲ ಅನಿಸುತ್ತದೆ. ಜನವರಿ ಬೆಳಗಿನ 15 ಡಿಗ್ರಿಯಿಂದ ಬಿಸಿಲಿಗೆ ಕಾದ ಪೈಪಿನ 45 ಡಿಗ್ರಿಗೆ 30 ಡಿಗ್ರಿ ವ್ಯತ್ಯಾಸ, 40 ಮೀಟರ್ ಉದ್ದ, ಗುಣಿಸಿ ನೋಡಿದರೆ 72 ಮಿಲಿಮೀಟರ್. ಸುಮಾರು ಮೂರು ಇಂಚು! ಅಷ್ಟು ಉದ್ದದ ಪೈಪನ್ನು ಎರಡೂ ತುದಿಗೆ ಅಂಟು ಹಾಕಿ, ನಡುವೆ ಉಸಿರಾಡದ ಹಾಗೆ ಬಿಗಿದರೆ ಅದು ಎಲ್ಲಿಗೆ ಹೋಗಬೇಕು? ಬೇಸಿಗೆಯಲ್ಲಿ ಹಾವಿನ ಹಾಗೆ ಬಳುಕುತ್ತದೆ, ಚಳಿಗಾಲದಲ್ಲಿ ಎಳೆದುಕೊಂಡು ಎಲ್ಲಿ ಅಂಟು ಕಮ್ಮಿಯೋ ಅಲ್ಲಿ ಕಳಚಿಕೊಳ್ಳುತ್ತದೆ. ಬೇಲಿಗಳ ಮೇಲಿನ ಪೈಪ್ ಅಲೆಅಲೆಯಾಗಿ ಕಾಣೋದು ಕಟ್ಟಿದವರ ಕೈ ಸರಿಯಿಲ್ಲ ಅಂತಲೇ ಅಲ್ಲ, ಅದಕ್ಕೆ ಸರಿಯಲು ಜಾಗ ಬಿಟ್ಟಿಲ್ಲ ಅಂತ.

ಅಲ್ಲಿಗೆ ನನಗೆ ಹೊಳೆದಿದ್ದು ಬಹಳ ಸರಳವಾದ ಮಾತು. ಬೇಲಿ ಗೋಡೆ ಅಲ್ಲ. ಗೋಡೆ ನಿಂತಲ್ಲೇ ನಿಂತಿರುತ್ತದೆ, ಬೇಲಿ ಅಲ್ಲಾಡುತ್ತದೆ. ಗಾಳಿಗೆ ಅಲ್ಲಾಡುತ್ತದೆ, ಹಸು ಮೈ ಉಜ್ಜಿದರೆ ಅಲ್ಲಾಡುತ್ತದೆ, ತೆಂಗಿನ ಗರಿ ಬಿದ್ದರೆ ಜೋಲುತ್ತದೆ, ಹುಡುಗರು ಹತ್ತಿ ಇಳಿದರೆ ಕೇಳಲೇಬೇಡಿ. ಅದರಲ್ಲಿ ಅಲ್ಲಾಡದ ವಸ್ತು ಅಂದರೆ ಕಂಬ ಮಾತ್ರ. ಆದ್ದರಿಂದ ಪೈಪಿನ ಭಾರ ಹೊರಬೇಕಾದ್ದು ಕಂಬ. ಜಾಲರಿಗೆ ಪೈಪ್ ತಾಗಲೇಬಾರದು.

ಹಾಗಂದುಕೊಂಡ ಕೂಡಲೇ ಇನ್ನೊಂದು ತೊಂದರೆ. ಕಂಬದಿಂದ ಕಂಬಕ್ಕೆ ಎಂಟು ಅಡಿ. ಪಿವಿಸಿ ಪೈಪ್ ಎಂಟು ಅಡಿ ಆಧಾರವಿಲ್ಲದೆ ನೇರ ನಿಲ್ಲುವುದಿಲ್ಲ, ಒಂದು ಬೇಸಿಗೆಯಲ್ಲಿ ತೊಟ್ಟಿಲಾಗುತ್ತದೆ. ಈ ಸೈಜಿನ ಪೈಪಿಗೆ ಎರಡು ಅಡಿಗೊಂದು ಹಿಡಿತ ಇದ್ದರೆ ಚೆಂದ, ಮೂರು ಅಡಿ ದಾಟಬಾರದು. ಬೆಂಡು, ಬಾಕ್ಸು ಇದ್ದ ಕಡೆ ಅದರ ಎರಡೂ ಪಕ್ಕ ಒಂದೊಂದು ಅಡಿಯೊಳಗೆ ಇನ್ನೊಂದು ಹಿಡಿತ ಬೇಕು. ಕಂಬಗಳ ನಡುವೆ ಆ ಹಿಡಿತ ಎಲ್ಲಿಂದ ತರೋದು? ಒಂದು ದಾರಿ ದಪ್ಪ ಜಿಐ (ಸತು ಲೇಪದ ಕಬ್ಬಿಣ) ತಂತಿಯನ್ನು ಕಂಬದಿಂದ ಕಂಬಕ್ಕೆ ಬಿಗಿಯಾಗಿ ಎಳೆದು ಅದಕ್ಕೆ ಪೈಪ್ ತೂಗುಹಾಕೋದು. ಕೆಲಸ ಆಗುತ್ತದೆ, ಆದರೆ ವರ್ಷಕ್ಕೊಮ್ಮೆ ತಂತಿ ಸಡಿಲವಾಗುತ್ತದೆ. ಇನ್ನೊಂದು ದಾರಿ ಆಂಗ್ಲರ್, ಅಂದರೆ ಎಲ್ ಆಕಾರದ ಕಬ್ಬಿಣದ ಪಟ್ಟಿ. ನಾನು ಆಂಗ್ಲರ್ ಹಾಕಿದೆ.

ಒಂದೂವರೆ ಇಂಚಿನ ಎಲ್ ಆಂಗ್ಲರ್, 3 ಮಿಲಿಮೀಟರ್ ದಪ್ಪದ್ದು. ಮೀಟರಿಗೆ ಸುಮಾರು 1.8 ಕಿಲೋ ಬರುತ್ತದೆ, 40 ಮೀಟರಿಗೆ 70 ಕಿಲೋ ದಾಟಿತು. ಕಬ್ಬಿಣದ ಅಂಗಡಿಯಲ್ಲಿ ತೂಕ ಹಾಕುವಾಗ ಎದೆ ಸ್ವಲ್ಪ ಡವಡವ ಅಂದಿದ್ದು ನಿಜ. ಬಿಳಿ ಪೈಪ್, ಬೈಂಡಿಂಗ್ ವೈರ್ ಎಲ್ಲ ಸೇರಿ ಮೊದಲ ಸಲ ಆದ ಖರ್ಚಿನ ಎಷ್ಟೋ ಪಟ್ಟು ಇದು. ಆದರೆ ಇದರಿಂದ ಆದ ಲಾಭ ಕೇಳಿ. ಆಂಗ್ಲರನ್ನು ತಲೆಕೆಳಗಾದ ಎಲ್ ಥರ ಇಟ್ಟೆ, ಅಂದರೆ ಒಂದು ಪಟ್ಟಿ ಕಂಬಕ್ಕೆ ಅಂಟಿಕೊಂಡು ನಿಂತಿರುತ್ತದೆ, ಇನ್ನೊಂದು ಪಟ್ಟಿ ಮೇಲ್ಗಡೆ ಸೂರಿನ ಹಾಗೆ ಮನೆಯ ಕಡೆಗೆ ಚಾಚಿರುತ್ತದೆ. ಪೈಪ್ ಆ ಸೂರಿನ ಕೆಳಗೆ. ಮೇಲಿನಿಂದ ಗರಿ ಬಿದ್ದರೆ ಹೊಡೆತ ಕಬ್ಬಿಣಕ್ಕೆ. ನಡು ಮಧ್ಯಾಹ್ನದ ಬಿಸಿಲೂ ಕಬ್ಬಿಣಕ್ಕೆ. ದೂರದಿಂದ ನೋಡಿದರೆ ಪೈಪ್ ಇದೆ ಅಂತಲೇ ಗೊತ್ತಾಗುವುದಿಲ್ಲ, ಬೇಲಿಗೆ ಒಂದು ಅಡ್ಡಪಟ್ಟಿ ಇದೆ ಅಷ್ಟೇ ಅನಿಸುತ್ತದೆ. ಚೆಂದಕ್ಕೆ ಅಂತ ಬೇರೆ ಏನೂ ಮಾಡಬೇಕಾಗಲಿಲ್ಲ.

ಕಂಬಕ್ಕೆ ಆಂಗ್ಲರ್ ಹಿಡಿಸೋದು ಹೇಗೆ ಅನ್ನೋದೇ ಒಂದು ಪ್ರಸಂಗ. ಮೊದಲು ತೂತು ಕೊರೆಯೋಣ ಅಂದುಕೊಂಡೆ. ಮನೆಯಲ್ಲಿದ್ದ ಸಾಮಾನ್ಯ ಡ್ರಿಲ್ ನಮ್ಮ ಕರಿಕಲ್ಲಿನ ಮುಂದೆ ಕಿರುಚಿತೇ ಹೊರತು ಕಲ್ಲು ಒಂದು ನೂಲು ಬಿಡಲಿಲ್ಲ, ಬಿಟ್ ತುದಿ ನೀಲಿಯಾಯಿತು. ರೋಟರಿ ಹ್ಯಾಮರ್ ಬಾಡಿಗೆಗೆ ತಂದರೆ ಇಳಿಯುತ್ತದೆ, ಆದರೆ ಕಂಬ ನಾಲ್ಕೈದು ಇಂಚು ಅಗಲದ್ದು, ಸೀಳಿ ತೆಗೆದ ಕಲ್ಲು. ಅಂಚಿನ ಹತ್ತಿರ ಕೊರೆದರೆ ಚಕ್ಕೆ ಏಳುತ್ತದೆ, ಒಳಗೆ ನೆರಿಗೆ ಇದ್ದರೆ ಸೀಳಿಯೂ ಹೋಗಬಹುದು. ಒಂದು ಕಂಬದಲ್ಲಿ ನೋಡಿ ಸಾಕು ಅನಿಸಿತು. ಅದಕ್ಕೆ ಕಂಬವನ್ನು ತಬ್ಬಿ ಹಿಡಿಯುವ ಯು ಬೋಲ್ಟ್ ಮಾಡಿಸೋಣ ಅಂತ ವೆಲ್ಡಿಂಗ್ ಶಾಪಿಗೆ ಹೋದೆ. ಅಲ್ಲಿಯ ಹುಡುಗ ಕೇಳಿದ ಮೊದಲ ಪ್ರಶ್ನೆ, "ಸಾರ್, ಕಂಬ ಎಲ್ಲ ಒಂದೇ ಸೈಜಾ?" ನಾನು ಹೌದು ಅಂದೆ. ಅವನು ನನ್ನ ಮುಖ ನೋಡಿ, "ಒಂದ್ಸಲ ಅಳೆದುಕೊಂಡು ಬನ್ನಿ ಸಾರ್" ಅಂದ. ಬಂದು ಟೇಪ್ ಹಿಡಿದರೆ 17 ಕಂಬದಲ್ಲಿ ಎರಡು ಮಾತ್ರ ಒಂದೇ ಅಳತೆ! ಕೊನೆಗೆ 8 ಮಿಲಿಮೀಟರ್ ಸರಳನ್ನು ಪ್ರತಿ ಕಂಬದ ಅಳತೆಗೆ ಬಗ್ಗಿಸಿ, ಎರಡೂ ತುದಿಗೆ ನಟ್ ಕೂರಲು ಮರೆ (ಥ್ರೆಡ್) ಹಾಕಿ, ಸುಣ್ಣದಲ್ಲಿ ನಂಬರ್ ಬರೆದು ಕೊಟ್ಟ. ಏಳನೇ ಕಂಬದ್ದು ಎಂಟಕ್ಕೆ ಹಿಡಿಯುವುದಿಲ್ಲ. ಕಂಬಕ್ಕೂ ಸರಳಿಗೂ ನಡುವೆ ಹಳೇ ಸೈಕಲ್ ಟ್ಯೂಬ್ ತುಂಡು ಇಟ್ಟೆ, ಜಾರುವುದಿಲ್ಲ.

ಎರಡು ಕಂಬ ಕೈಯಲ್ಲಿ ತಳ್ಳಿದರೆ ಆಡುತ್ತಿದ್ದವು. ಅವುಗಳ ಬುಡ ಅಗೆದು ಕಾಂಕ್ರೀಟ್ ಹಾಕಿ ಒಂದು ವಾರ ಬಿಟ್ಟೆ. ಆಡುವ ಕಂಬಕ್ಕೆ ಪೈಪ್ ಕಟ್ಟೋದೂ ಒಂದೇ, ಜಾಲರಿಗೆ ಕಟ್ಟೋದೂ ಒಂದೇ.

ಎತ್ತರದ ಬಗ್ಗೆ ಒಂದು ಮಾತು, ಯಾಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಬಹಳ ಕಡೆ ಪೈಪನ್ನು ಬೇಲಿಯ ಬುಡದಲ್ಲಿ ಎಳೆದಿರುತ್ತಾರೆ, ಕಣ್ಣಿಗೆ ಬೀಳಬಾರದು ಅಂತ. ಈಗ ಎಲ್ಲರ ತೋಟದಲ್ಲೂ ಬ್ರಶ್ ಕಟರ್ ಬಂದಿದೆ. ಮಳೆಗಾಲದ ಹುಲ್ಲಿನಲ್ಲಿ ಪೈಪ್ ಕಾಣುವುದಿಲ್ಲ, ಬ್ಲೇಡ್ ಒಂದು ಸಲ ತಾಗಿದರೆ ಪೈಪೂ ಇಲ್ಲ ವೈರೂ ಇಲ್ಲ, ಹಿಡಿದವನ ಗತಿ ದೇವರೇ ಬಲ್ಲ. ಬೇಸಿಗೆಯಲ್ಲಿ ಬೇಲಿ ಸಾಲಿನ ಕಸಕ್ಕೆ ಬೆಂಕಿ ಇಡುವ ಚಾಳಿ ಬೇರೆ ಇದೆ. ತೀರಾ ಮೇಲೆ ಮುಳ್ಳುತಂತಿ ಹತ್ತಿರ ಹಾಕಿದರೆ ಬೇಲಿ ಹಾರುವವರು ಅದನ್ನೇ ಕೈಹಿಡಿ ಮಾಡಿಕೊಳ್ಳುತ್ತಾರೆ. ನಾನು ನೆಲದಿಂದ ಮೂರು ಅಡಿಗೆ ಹಾಕಿದೆ, ಒಳಗಡೆ, ನಮ್ಮ ಬದಿಗೆ. ಬೇಲಿ ಸಾಲಿನಲ್ಲಿ ಒಂದು ಹೊಂಗೆ ಮರ ಕಂಬದ ಹಾಗೆ ನಿಂತಿತ್ತು, ಅದಕ್ಕೇ ಒಂದು ಮೊಳೆ ಹೊಡೆದರೆ ಒಂದು ಬೋಲ್ಟ್ ಉಳಿಯುತ್ತದೆ ಅನಿಸಿತು. ಬೇಡ. ಮರ ದಪ್ಪವಾಗುತ್ತಾ ಹೋಗುತ್ತದೆ, ಗಾಳಿಗೆ ತೂಗುತ್ತದೆ, ಹತ್ತು ವರ್ಷದಲ್ಲಿ ಕ್ಲಾಂಪನ್ನೇ ನುಂಗಿರುತ್ತದೆ.

ನೇರಕ್ಕೆ ಗಾರೆ ಕೆಲಸದ ದಾರ ಸಾಕು, ಮೊದಲ ಕಂಬದಿಂದ ಕೊನೇ ಕಂಬಕ್ಕೆ. ನೆಲ ಇಳಿಜಾರು ಇದ್ದರೆ ಲೆವೆಲ್ ಹಿಡಿಯಲು ಹೋಗಬೇಡಿ. ಬೇಲಿಯ ಮೇಲಿನ ತಂತಿಗೆ ಸಮಾನಾಂತರವಾಗಿ ಹೋದರೆ ಕಣ್ಣಿಗೆ ನೇರ ಕಾಣುತ್ತದೆ, ಲೆವೆಲ್ ಹಿಡಿದರೆ ಸೊಟ್ಟ ಕಾಣುತ್ತದೆ. ನೀರು ಇಳಿಯಲೂ ಇಳಿಜಾರು ಒಳ್ಳೆಯದೇ. ಹೊರಗಿನ ಪೈಪಿನೊಳಗೆ ನೀರು ಸೇರುವುದಿಲ್ಲ ಅನ್ನುವವರು ಬೆಳಿಗ್ಗೆ ಒಂದು ಸಲ ಬಿಚ್ಚಿ ನೋಡಬೇಕು. ಮಳೆ ನುಗ್ಗದಿದ್ದರೂ ಇಬ್ಬನಿ ಒಳಗೇ ಹುಟ್ಟುತ್ತದೆ. ಎಲ್ಲಕ್ಕಿಂತ ಕೆಳಗಿರುವ ಬಾಕ್ಸಿನ ತಳದಲ್ಲಿ 3 ಮಿಲಿಮೀಟರ್ ತೂತು ಒಂದು ಮಾಡಿದ್ದೇನೆ, ಒಳಗಡೆ ಸೊಳ್ಳೆ ಪರದೆಯ ತುಂಡು ಅಂಟಿಸಿ, ಇಲ್ಲದಿದ್ದರೆ ಇರುವೆ ಸಂಸಾರ ಹೂಡುತ್ತವೆ.

ಪೈಪ್ ಈ ಸಲ ಕಪ್ಪು ಬಣ್ಣದ್ದು, 25 ಮಿಲಿಮೀಟರ್, ದಪ್ಪ ಗೋಡೆಯದು. ಅಂಗಡಿಯಲ್ಲಿ ಲೈಟ್, ಮೀಡಿಯಂ, ಹೆವಿ ಅಂತ ಮೂರು ಥರ ಇರುತ್ತದೆ, ಹೊರಗಡೆಗೆ ಹೆವಿಯೇ ಕೇಳಿ. ಐಎಸ್ 9537 ಅಂತ ಪೈಪಿನ ಮೇಲೆ ಅಚ್ಚಾಗಿದೆಯಾ ನೋಡಿಕೊಳ್ಳಿ. ಕ್ಲಾಂಪ್ ಜಿಐದು, ಒಂದು ಕಡೆ ಮಾತ್ರ ಸ್ಕ್ರೂ ಬೀಳುವಂಥದ್ದು, ಆಂಗ್ಲರಿನ ಸೂರಿನ ಕೆಳಗೆ ಅದೇ ಹಿಡಿಸುವುದು. ಎರಡು ಅಡಿಗೊಂದು. ಸ್ಕ್ರೂ ಪೂರ್ತಿ ಬಿಗಿದ ಮೇಲೆಯೂ ಪೈಪನ್ನು ಕೈಯಲ್ಲಿ ಹಿಡಿದು ಎಳೆದರೆ ಹಿಂದೆ ಮುಂದೆ ಜಾರಬೇಕು. ಇದು ಮುಖ್ಯ. ಕ್ಲಾಂಪ್ ಪೈಪನ್ನು ಹೊರಬೇಕು, ಕತ್ತು ಹಿಸುಕಬಾರದು.

ಇನ್ನು ಆ ಮೂರು ಇಂಚಿನ ವಿಷಯ. ಪೈಪ್ ಹಿಗ್ಗಿದಾಗ ಸೇರಿಕೊಳ್ಳುವ ಕಾಲರ್ ಬರುತ್ತದೆ, ನಮ್ಮ ಊರಿನಲ್ಲಿ ಕೇಳಿದರೆ ಅಂಗಡಿಯವರು ನೀರಿನ ಪೈಪಿನ ಯೂನಿಯನ್ ಕೊಡಲು ಬಂದರು. ಹಾಗಾಗಿ ನಾನೇ ಒಂದು ಉಪಾಯ ಮಾಡಿದೆ. ಸಾಲಿನ ನಟ್ಟನಡುವೆ ಒಂದು ಬಾಕ್ಸ್, ಅಲ್ಲಿ ಎರಡೂ ಕಡೆಯ ಪೈಪಿಗೆ ಅಂಟು ಹಾಕಿ ಗಟ್ಟಿ ಮಾಡಿದೆ. ಅದು ಲಂಗರು. ಎರಡು ತುದಿಗಳಲ್ಲಿ ನೀರು ಧೂಳು ನುಗ್ಗದ, ಸ್ವಲ್ಪ ದೊಡ್ಡ ಐಪಿ 65 ಬಾಕ್ಸ್, ಪಕ್ಕದಲ್ಲಿ ತೂತು, ತೂತಿಗೆ ರಬ್ಬರ್ ಬಳೆ (ಗ್ರೊಮೆಟ್), ಅದರೊಳಗೆ ಪೈಪ್ ಅಂಟಿಲ್ಲದೆ ಎರಡೂವರೆ ಇಂಚು ಒಳಗೆ ಹೋಗಿ ನಿಂತಿದೆ, ಮುಂದೆಯೂ ಅಷ್ಟೇ ಜಾಗ ಖಾಲಿ. ಹಿಗ್ಗುವುದು ಕುಗ್ಗುವುದು ಎರಡು ಕಡೆಗೆ ಹಂಚಿಹೋದರೆ ಒಂದೊಂದು ತುದಿಗೆ ಒಂದೂವರೆ ಇಂಚು, ಆರಾಮಾಗಿ ಸಾಲುತ್ತದೆ. ಪೈಪಿನ ಮೇಲೆ ಗ್ರೊಮೆಟ್ ಅಂಚಿಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿದ್ದೆ. ಬೆಳಿಗ್ಗೆ ಆರಕ್ಕೆ ಗೆರೆ ಹೊರಗೆ ಕಾಣುತ್ತದೆ, ಮಧ್ಯಾಹ್ನ ಎರಡಕ್ಕೆ ಒಳಗೆ ಹೋಗಿರುತ್ತದೆ. ಮನೆಗೆ ಬಂದವರಿಗೆಲ್ಲ ತೋರಿಸಿದ್ದೇನೆ, ಹೆಂಡತಿಗೆ ಬೇಜಾರಾಗಿದೆ.

ಒಳಗಿನ ವೈರು 2.5 ಚದರ ಮಿಲಿಮೀಟರಿನ ತಾಮ್ರ, ಕೆಂಪು, ಕಪ್ಪು, ಅರ್ತಿಂಗಿನ ಹಸಿರು ಮೂರೂ. ಲೈಟಿಗೆ ಮಾತ್ರ ಆಗಿದ್ದರೆ 1.5 ಸಾಕಿತ್ತು, ಆದರೆ ಮೋಟರ್ ಇದೆ. 40 ಮೀಟರ್ ಹೋಗಿ 40 ಮೀಟರ್ ವಾಪಸ್ ಬರುವ 1.5 ವೈರಿನಲ್ಲಿ ಸುಮಾರು ಒಂದು ಓಮ್ ತಡೆ ಇರುತ್ತದೆ. ಮೋಟರ್ ಸ್ಟಾರ್ಟ್ ಆಗುವಾಗ 20 ಆಂಪಿಯರ್ ಎಳೆದರೆ ದಾರಿಯಲ್ಲೇ 20 ವೋಲ್ಟ್ ಖಾಲಿ. ಸಂಜೆ ಹೊತ್ತು ನಮ್ಮಲ್ಲಿ ಮೊದಲೇ 190 ಇರುತ್ತದೆ, ಅದರಲ್ಲಿ ಇನ್ನೂ 20 ಕಳೆದರೆ ಮೋಟರ್ ಹೂಂ ಅಂತ ಕೂತುಬಿಡುತ್ತದೆ. ಪೈಪಿನೊಳಗೆ ಎಲ್ಲೂ ಜಾಯಿಂಟ್ ಇಲ್ಲ, ಏನಿದ್ದರೂ ಬಾಕ್ಸಿನಲ್ಲಿ, ಅಲ್ಲೂ ತಿರುಚಿ ಟೇಪ್ ಸುತ್ತಿದ್ದಲ್ಲ, ಕನೆಕ್ಟರ್. ಕ್ಯಾಮೆರಾ ಕೇಬಲ್ ಬೇರೆಯೇ ಪೈಪಿನಲ್ಲಿ. ಒಂದೇ ಪೈಪಿಗೆ ತೂರಿಸಿದರೆ ಏನಾಗುತ್ತದೆ ಅಂತ ಕೇಳುವವರಿಗೆ, 230 ವೋಲ್ಟ್ ಯಾವತ್ತೋ ಒಂದು ದಿನ ಕ್ಯಾಮೆರಾ ದಾರಿಯಲ್ಲಿ ಟಿವಿ ಪಕ್ಕದ ಡಬ್ಬಿಗೆ ಬರಬಹುದು.

ಗೇಟು ದಾಟುವ ಕಡೆ ಮಾತ್ರ ನೆಲದೊಳಗೆ. ಅಲ್ಲಿ ರಸ್ತೆಗೆ ಅಂತ ಮಣ್ಣು ತುಂಬಿಸಿದ್ದರಿಂದ ಬಂಡೆ ಅಡ್ಡ ಬರಲಿಲ್ಲ. ಎರಡೂವರೆ ಅಡಿ ಆಳ, ಆರ್ಮರ್ಡ್ ಕೇಬಲ್, ಕೆಳಗೆ ಮೇಲೆ ಮರಳು, ಮೇಲೆ ಇಟ್ಟಿಗೆ ಸಾಲು. ಕೇಬಲಿನ ಮೇಲಿನ ಉಕ್ಕಿನ ಹೊದಿಕೆಯನ್ನು ಹಸಿರು ವೈರಿಗೆ ಸೇರಿಸಲು ಮರೆಯಬೇಡಿ. ನಿಮ್ಮ ನೆಲ ಮೆತ್ತಗಿದ್ದರೆ ಪೂರ್ತಿ ದಾರಿಯನ್ನು ಹೀಗೇ ಹೂತುಬಿಡಿ, ಈ ಬರಹವೇ ಬೇಕಾಗಿಲ್ಲ. ನನ್ನ ಕಷ್ಟ ಬಂಡೆಯದು.

ಮನೆಯ ಬೋರ್ಡಿನಲ್ಲಿ ಈ ಲೈನಿಗೆ ಅಂತಲೇ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿಸಿದೆ. ಹೋದ ಕರೆಂಟ್ ಎಷ್ಟು, ವಾಪಸ್ ಬಂದದ್ದು ಎಷ್ಟು ಅಂತ ಲೆಕ್ಕ ನೋಡುತ್ತದೆ, ನಡುವೆ ಎಲ್ಲೋ 30 ಮಿಲಿ ಆಂಪಿಯರಿನಷ್ಟು ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್. ಅಜ್ಜಿ ಮುಟ್ಟಿದ ದಿನ ಇದು ಇದ್ದಿದ್ದರೂ ಜುಮ್ ಅನ್ನೋದು ತಪ್ಪುತ್ತಿರಲಿಲ್ಲವೇನೋ, ಆದರೆ ಜೀವಕ್ಕೆ ಕುತ್ತಾಗುವಷ್ಟು ಹರಿಯುವ ಮೊದಲೇ ಕಟ್ ಆಗುತ್ತಿತ್ತು. ಕಬ್ಬಿಣದ ಖರ್ಚಿಗೆ ಕೈ ನಡುಗುವವರು ಆಂಗ್ಲರ್ ಬಿಟ್ಟರೂ ಪರವಾಗಿಲ್ಲ, ಇದನ್ನು ಬಿಡಬೇಡಿ. ಅದರ ಮೇಲೆ ಟಿ ಅಂತ ಒಂದು ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡುತ್ತೇನೆ, ಕರೆಂಟ್ ಬಿಲ್ ಬಂದ ದಿನ, ನೆನಪಿರಲಿ ಅಂತ.

ಬೇಲಿಗೆ ಅರ್ತಿಂಗ್ ಮಾಡಬೇಕಾ? ಇದರಲ್ಲಿ ಜಗಳ ಜಾಸ್ತಿ. ಬೇಲಿಯನ್ನು ಮನೆಯ ಅರ್ತಿಂಗಿಗೇ ಸೇರಿಸಿ ಅಂದವರಿದ್ದಾರೆ. ನಾನು ಸೇರಿಸಲಿಲ್ಲ, ಯಾಕೆಂದರೆ ಬೇಸಿಗೆಯಲ್ಲಿ ಮನೆಯ ಅರ್ತಿಂಗ್ ಗುಂಡಿ ಒಣಗಿ ಕೆಲಸ ನಿಲ್ಲಿಸಿದರೆ ಫ್ರಿಜ್ಜಿನಲ್ಲಿ ಸೋರಿದ ಕರೆಂಟ್ ಬೇಲಿಗೆ ಬರಬಹುದು. ಬದಲಿಗೆ ಬೇಲಿಗೆ, ಆಂಗ್ಲರಿಗೆ ಸೇರಿಸಿ ಬೇರೆಯೇ ಒಂದು ಜಿಐ ಪೈಪ್ ಇಳಿಸಿದೆ, ಬಚ್ಚಲು ನೀರು ಹರಿಯುವ ಮೂಲೆಯಲ್ಲಿ, ಉಪ್ಪು ಇದ್ದಿಲು ಎಲ್ಲ ಹಾಕಿ. ಈಗ ಬೇಲಿಗೆ ಎಲ್ಲಿಂದ ಕರೆಂಟ್ ತಾಗಿದರೂ ಅದಕ್ಕೆ ಇಳಿಯಲು ಒಂದು ದಾರಿ ಇದೆ, ಈ ಲೈನಿನದ್ದೇ ಆದರೆ ಇಳಿದ ತಕ್ಷಣ ಆರ್‌ಸಿಸಿಬಿ ಬೀಳುತ್ತದೆ. ನಿಮ್ಮ ಮನೆಯ ಅರ್ತಿಂಗ್ ಹೇಗಿದೆ ಅನ್ನೋದು ನಿಮ್ಮ ಲೈಸೆನ್ಸ್ ಇರುವ ವೈರ್‌ಮನ್ ಅಳೆದು ಹೇಳಬೇಕು, ಅವರನ್ನು ಕೇಳಿಯೇ ಮಾಡಿ. ಬೋರ್ಡಿನ ಕೆಲಸ, ಕೊನೆಯ ಕನೆಕ್ಷನ್ ನಾನೂ ಅವರ ಕೈಯಲ್ಲೇ ಮಾಡಿಸಿದ್ದು. ಕಬ್ಬಿಣ, ಪೈಪ್, ಕ್ಲಾಂಪ್ ಮಾತ್ರ ನನ್ನ ಕೈಕೆಲಸ.

ಸೋಲಾರ್ ಬೇಲಿ ಇರುವವರು ಆ ಬೇಲಿಗೆ ಈ ಪೈಪ್ ಕಟ್ಟಲೇಬೇಡಿ. ಅದರ ತಂತಿಯಲ್ಲಿ ಸೆಕೆಂಡಿಗೊಂದರಂತೆ ಸಾವಿರಾರು ವೋಲ್ಟಿನ ಚಿಕ್ಕ ಏಟು ಹೋಗುತ್ತಿರುತ್ತದೆ, ಅದು ಹೆದರಿಸಲು ಮಾತ್ರ, ಕೊಲ್ಲಲು ಅಲ್ಲ. ಪಕ್ಕದ ಪೈಪ್ ಒಡೆದು ಮನೆಯ ಕರೆಂಟ್ ಅದಕ್ಕೆ ಸೇರಿದರೆ ಕೊಲ್ಲುವ ಬೇಲಿ ಆಗುತ್ತದೆ. ಹಂದಿಗೆ ಅಂತ ನೇರ ಕರೆಂಟ್ ಬಿಟ್ಟ ಬೇಲಿಗೆ ಸಿಕ್ಕು ಆನೆ ಸತ್ತ ಸುದ್ದಿ, ಬೇಲಿ ಕಟ್ಟಿದವನೇ ಸತ್ತ ಸುದ್ದಿ ಕಾಡಂಚಿನ ಊರುಗಳಿಂದ ಬರುತ್ತಲೇ ಇರುತ್ತದೆ. ಅಂಥವರ ಬೇಲಿಗೂ ನನ್ನ ಹಳೇ ಬೇಲಿಗೂ ಆ ಆಗಸ್ಟ್ ಬೆಳಿಗ್ಗೆ ಏನೂ ವ್ಯತ್ಯಾಸ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಅಜ್ಜಿಯನ್ನು ಕರೆದು ತೋರಿಸಿದೆ. ಅವರು ಪೈಪಿಗಿಂತ ಜಾಸ್ತಿ ಹೊತ್ತು ಆಂಗ್ಲರನ್ನು ನೋಡಿದರು. ಇನ್ನು ಮೇಲೆ ಬೇಲಿ ಮೇಲೆ ಬಟ್ಟೆ ಹಾಕಬೇಡಿ ಅಜ್ಜಿ ಅಂತ ಹೇಳಿ, ಅವರ ಅಂಗಳದ ಎರಡು ತೆಂಗಿನ ಮರದ ನಡುವೆ ಹಸಿರು ನೈಲಾನ್ ಹಗ್ಗ ಎಳೆದು ಕಟ್ಟಿಕೊಟ್ಟೆ. ಮೊನ್ನೆ ಹೋದಾಗ ಹಗ್ಗದ ಮೇಲೆ ಗೋಣಿಚೀಲ ಒಣಗುತ್ತಿದ್ದವು. ಸೀರೆ ನಮ್ಮ ಬೇಲಿ ಮೇಲಿತ್ತು, ಆಂಗ್ಲರಿನ ಅಂಚಿಗೆ ನೀಟಾಗಿ ಮಡಿಸಿ ಹರವಿ. "ಈ ಕಬ್ಣ ಚೆನ್ನಾಗೈತೆ ಕಣಪ್ಪ, ಮೊದಲಿನ್ ಥರ ಮುಳ್ಳು ಸಿಗಾಕೊಳಲ್ಲ" ಅಂದರು.